ನಾಗಪ್ಪನೋ, ಬಾಗಪ್ಪನೋ

ಆಳಂದದ ತಹಸೀಲ್ ಕಚೇರಿಗೆ ನಲವತ್ತು ವರ್ಷದ ಹಿಂದೆ ಎಡತಾಕಿದವರಿಗೆ ರೆಕಾರ್ಡ್ ರೂಮಿನ ನೆನಪು ಮಾಸಿರಲಿಕ್ಕಿಲ್ಲ. ಬಟ್ಟೆಯಲ್ಲಿ ಕಟ್ಟಿದ ಬಸ್ತಾ ಬಿಚ್ಚಿದರೆ ಹಳದಿ ಬಿದ್ದ ಹಾಳೆ, ಹುಳ ತಿಂದ ಅಂಚು, ಬಲದಿಂದ ಎಡಕ್ಕೆ ಓಡುವ ಉರ್ದು ಬರಹ. ವಯಸ್ಸಾದ ಗುಮಾಸ್ತರು ಸಾಲಿನ ಮೇಲೆ ಬೆರಳಿಟ್ಟು, ಓದಿದ್ದನ್ನು ಅಲ್ಲೇ ಕನ್ನಡದಲ್ಲಿ ಹೇಳುತ್ತಿದ್ದರು. "ನಮ್ಮ ಮುತ್ಯಾನ ಹೆಸರು ಅದನೋ ಇಲ್ಲೋ ನೋಡ್ರಿ ಸಾಹೇಬ್ರ" ಎಂದು ರೈತ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ.

1948ರ ಸೆಪ್ಟೆಂಬರ್‌ವರೆಗೆ ಆಳಂದ, ಅಫಜಲಪುರ, ಜೇವರ್ಗಿ ನಿಜಾಮರ ರಾಜ್ಯದಲ್ಲಿದ್ದವು. ಮನೆಮಾತು ಕನ್ನಡ, ದಫ್ತರದ ಬರಹ ಉರ್ದು. ಸೇತ್ವಾರ್, ವಸೂಲ್ ಬಾಕಿ, ಖಾಸರಾ ಪಹಣಿ: ಹೊಲದ ಹಕ್ಕಿನ ಬೇರು ಇಂದಿಗೂ ಈ ಕಾಗದಗಳಲ್ಲೇ ಇದೆ.

ಅವುಗಳನ್ನು ಓದಲು ಬರೀ ಉರ್ದು ಬಂದರೆ ಸಾಲದು. ಪಟವಾರಿಗಳ ಕೈಬರಹ ಶಿಕಸ್ತಾ, ಅಂದರೆ ಮುರಿದು ಬರೆದ ಅವಸರದ ಅಕ್ಷರ. ವರ್ಷ ಫಸಲಿ ಲೆಕ್ಕದ್ದು. 1340 ಎಂದಿದ್ದರೆ 590 ಕೂಡಿಸಿ 1930-31 ಎಂದು ತಿಳಿಯಬೇಕು. ಎಲ್ಲಕ್ಕಿಂತ ಕಷ್ಟ ಚುಕ್ಕಿಯದು. ಮೊದಲಕ್ಷರದ ಮೇಲೆ ಚುಕ್ಕಿ ಬಿದ್ದರೆ ನಾಗಪ್ಪ, ಕೆಳಗೆ ಬಿದ್ದರೆ ಬಾಗಪ್ಪ. ಅವಸರದಲ್ಲಿ ಚುಕ್ಕಿಯನ್ನೇ ಬಿಟ್ಟಿದ್ದರೆ? ಆಗ ಗುಮಾಸ್ತರು ಹಿಂದಿನ ಹಾಳೆಗೆ ಹೋಗಿ, ತಂದೆಯ ಹೆಸರು, ಪಕ್ಕದ ಸರ್ವೆ ನಂಬರು ತಾಳೆ ಹಾಕಿ ಹೇಳುತ್ತಿದ್ದರು. ಆ ವಿದ್ಯೆ ಯಾವ ಪುಸ್ತಕದಲ್ಲೂ ಇರಲಿಲ್ಲ.

ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತು ನೌಕರಿಗೆ ಸೇರಿದ ಆ ಪೀಳಿಗೆ 1990ರ ದಶಕದ ಹೊತ್ತಿಗೆ ಒಬ್ಬೊಬ್ಬರಾಗಿ ನಿವೃತ್ತವಾಯಿತು. ಹಾರ ಹಾಕಿ, ಶಾಲು ಹೊದಿಸಿ ಕಳಿಸಿದರು. ಕಿರಿಯರನ್ನು ಪಕ್ಕಕ್ಕೆ ಕೂರಿಸಿಕೊಂಡು ಎರಡು ವರ್ಷ ಕಲಿಸಿ ಎಂದು ಅವರನ್ನು ಕೇಳಿಕೊಳ್ಳಬೇಕಿತ್ತು. ಅದೊಂದು ಆಗಲಿಲ್ಲ.

ಅದರ ಬೆನ್ನಿಗೇ 'ಭೂಮಿ' ಯೋಜನೆ ಬಂತು. ಪಹಣಿಗಾಗಿ ಅಲೆದಾಟ ತಪ್ಪಿದ್ದು ದೊಡ್ಡ ಉಪಕಾರವೇ. ಆದರೆ ಕಂಪ್ಯೂಟರಿಗೆ ಏರಿದ್ದು ಚಾಲ್ತಿಯಲ್ಲಿದ್ದ ಪಹಣಿ. ಹಳೆಯ ಬಸ್ತಾಗಳು ಕಪಾಟಿನಲ್ಲೇ ಉಳಿದವು. ಇನ್ನು ಹೊಸ ನೇಮಕದ ಮಾತು. ಈ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿಯಿಂದ ಸ್ಥಳೀಯ ಯುವಕರಿಗೆ ಹುದ್ದೆಗಳು ಸಿಗುತ್ತಿವೆ, ಸಿಗಲೇಬೇಕು. 2024ರಲ್ಲಿ ರಾಜ್ಯದಲ್ಲಿ 1000 ಗ್ರಾಮ ಆಡಳಿತ ಅಧಿಕಾರಿಗಳ ನೇಮಕಕ್ಕೆ ಅರ್ಜಿ ಕರೆದಾಗ ಪರೀಕ್ಷೆಯಲ್ಲಿ ಕನ್ನಡ, ಇಂಗ್ಲಿಷ್, ಕಂಪ್ಯೂಟರ್, ಸಾಮಾನ್ಯ ಜ್ಞಾನ ಇದ್ದವು. ಶಿಕಸ್ತಾ ಓದುವ ಕಣ್ಣು ಅಂಥ ಪರೀಕ್ಷೆಯಿಂದ ಸಿಗುವುದಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಉರ್ದು ವಿಭಾಗವಿದೆ. ಅಲ್ಲಿ ಓದಿದವರನ್ನು ನಿವೃತ್ತರಾದ ಆ ಹಿರಿಯ ಗುಮಾಸ್ತರ ಮುಂದೆ ಕೂರಿಸುವ ಕೆಲಸ ಇವತ್ತೇ ಆಗಬೇಕು, ಹಿರಿಯರು ಇರುವಾಗಲೇ.

ಈಗ 'ಭೂ ಸುರಕ್ಷಾ' ಯೋಜನೆಯಲ್ಲಿ ಹಳೆಯ ಕಡತಗಳು ಸ್ಕ್ಯಾನ್ ಆಗುತ್ತಿವೆ. ಹುಳದ ಬಾಯಿಂದ ಕಾಗದ ಉಳಿಯಿತು. ಓದಿಸಲು ಮಾತ್ರ ರೈತರು ಪ್ರಿಂಟ್ ಹಿಡಿದು ಯಾವುದೋ ಓಣಿಯಲ್ಲಿರುವ ಮುದುಕರನ್ನು ಹುಡುಕಿಕೊಂಡು ಹೋಗುತ್ತಾರೆ. ಅಂಥ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಹಾಳೆಯನ್ನು ಬಿಸಿಲಿಗೆ ತಿರುಗಿಸಿ, ಮತ್ತೆ ನೋಡಿ ಹೇಳಿದರು: "ಇದ್ರಾಗ ಚುಕ್ಕಿ ಮೂಡಿಲ್ಲಪ್ಪಾ. ಮೂಲ ಬಸ್ತಾನೇ ತೆಗಸ್ರಿ."