ಚಾವಿಯ ಬಾಯಿಗೆ ಎಣ್ಣೆ

ಹಬ್ಬಕ್ಕೆ ಬಂದಿದ್ದ ಅಳಿಯ ನನ್ನ ಮಾರುತಿ 800ಕ್ಕೆ ಉಪಕಾರ ಮಾಡಿ ಹೋಗಿದ್ದ. ವಾರದ ಮೇಲೆ ಹಗರಿಬೊಮ್ಮನಹಳ್ಳಿಗೆ ಹೊರಟು ಗಾಡಿಯಲ್ಲಿ ಕೂತರೆ ಚಾವಿ ಒಳಗೆ ಹೋಯಿತು, ತಿರುಗಲಿಲ್ಲ. ಹೊರಗೆಳೆದು ನೋಡಿದೆ. ಹಲ್ಲಿನ ಸಂದಿಗಳಲ್ಲೆಲ್ಲ ಕೆಂಪು ರಾಡಿ. ಮೂಗಿಗೆ ಹಿಡಿದರೆ ಶೇಂಗಾ ಎಣ್ಣೆಯ ವಾಸನೆ. ಫೋನು ಹಚ್ಚಿದೆ. "ಹೌದ್ರಿ ಮಾವಾ, ಬಿಗಿ ಅನಿಸ್ತು, ನಾಕು ಹನಿ ಬಿಟ್ಟಿದ್ದೆ. ಈಗ ಬೆಣ್ಣಿಯಾಗ ತಿರುಗಿದಂಗ ತಿರುಗ್ತದಲ್ರಿ?" ಅಂದ. ಒಳ್ಳೆಯ ಮನಸ್ಸಿನ ಹುಡುಗ, ಬೈಯಲಾಗಲಿಲ್ಲ. ಸಿಟ್ಟು ಮಾತ್ರ ಸಂಜೆಯತನಕ ಇಳಿಯಲಿಲ್ಲ.

ಎಣ್ಣೆಗೆ ನಮ್ಮ ಸೀಮೆಯಲ್ಲಿ ದೊಡ್ಡ ಮರ್ಯಾದೆ ಇದೆ. ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೇ ತೈಲಾಭಿಷೇಕ ಮಾಡುತ್ತಾರೆ. ಕಲ್ಲಿನ ಮೈಮೇಲೆ ಎಣ್ಣೆ ಇಳಿಯುವುದನ್ನು ನೋಡಲು ನಾನೂ ಜನದ ನಡುವೆ ಕತ್ತೆತ್ತಿ ನಿಂತಿದ್ದೇನೆ. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬ ಮಾತೂ ಅದೇ ಊರಿನದು. ಕೀಲಿಯೂ ಹಾಗೆಯೇ, ಒಳಗೆ ನೋಡಬೇಕಾದ ವಸ್ತು. ಅಲ್ಲಿ ಉಗುರಿಗಿಂತ ಸಣ್ಣ ಹಿತ್ತಾಳೆ ತಗಡುಗಳು ಸಾಲಾಗಿ ಕೂತಿರುತ್ತವೆ. ಒಂದೊಂದರ ಬೆನ್ನಿಗೂ ಕೂದಲೆಳೆಯಂಥ ಸ್ಪ್ರಿಂಗು. ಸರಿಯಾದ ಚಾವಿ ಹೊಕ್ಕಾಗ ಅದರ ಹಲ್ಲುಗಳು ಎಲ್ಲ ತಗಡುಗಳನ್ನೂ ಒಂದೇ ಮಟ್ಟಕ್ಕೆ ತರುತ್ತವೆ, ಆಗ ಉರುಳೆ ತಿರುಗುತ್ತದೆ. ಒಂದೇ ಒಂದು ತಗಡು ಮಟ್ಟಕ್ಕೆ ಬಾರದಿದ್ದರೂ ಮುಗಿಯಿತು.

ಈಗ ಇದರೊಳಗೆ ಎಣ್ಣೆ ಬಿಡಿ. ಮೊದಲ ನಾಲ್ಕು ದಿನ ನಿಜಕ್ಕೂ ಸುಖ. ಮೋಸವಾಗುವುದೇ ಆ ನಾಲ್ಕು ದಿನಗಳಲ್ಲಿ. ಆಮೇಲೆ ಕೂಡ್ಲಿಗಿಯ ಮಸಾರಿ ಧೂಳು ಬರುತ್ತದೆ, ಎರೆಹೊಲದ ದಾರಿಯಲ್ಲಿ ಓಡಾಡಿದರೆ ಕರಿ ಧೂಳು ಬರುತ್ತದೆ. ಎಣ್ಣೆ ಎರಡನ್ನೂ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಅಡುಗೆ ಎಣ್ಣೆಯಾದರೆ ದಿನ ಕಳೆದಂತೆ ಜಿಗುಟಾಗುತ್ತದೆ, ಒಲೆಯ ಹಿಂದಿನ ಗೋಡೆ ಒರೆಸಿದವರಿಗೆ ಅದು ಗೊತ್ತು. ಅಷ್ಟು ಸಣ್ಣ ಸ್ಪ್ರಿಂಗು ಆ ಕೆಸರಿನೊಳಗಿಂದ ತಗಡನ್ನು ತಳ್ಳುವುದಾದರೂ ಹೇಗೆ?

ನನ್ನ ಮದ್ದು ಪೆನ್ಸಿಲ್. ಅದೂ 6ಬಿ ಪೆನ್ಸಿಲ್, ಚಿತ್ರ ಬರೆಯುವವರು ಬಳಸುವಂಥದ್ದು. ಎಚ್‌ಬಿಯಲ್ಲಿ ಜೇಡಿ ಹೆಚ್ಚು, 6ಬಿಯಲ್ಲಿ ಗ್ರಾಫೈಟ್ ಹೆಚ್ಚು. ಗ್ರಾಫೈಟ್ ಪದರ ಪದರವಾಗಿರುತ್ತದೆ, ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ಒಣಗಿದ್ದೇ ಜಾರುವುದರಿಂದ ಧೂಳಿಗೆ ಅಂಟಿಕೊಳ್ಳಲು ಜಾಗವಿಲ್ಲ. ಚಾವಿಯ ಎರಡೂ ಮೈಗೆ, ಹಲ್ಲಿನ ಏರುತಗ್ಗುಗಳಿಗೆ, ಮಿರಿಮಿರಿ ಕಪ್ಪಾಗುವತನಕ ತಿಕ್ಕಬೇಕು. ತಿರುಗಿಸದೆ ಹತ್ತು ಸಲ ಹಾಕಿ ತೆಗೆಯಬೇಕು. ಒರೆಸಬೇಕು, ಮತ್ತೆ ತಿಕ್ಕಬೇಕು. ಮೂರನೆಯ ಸುತ್ತಿಗೆ ಬೆರಳಿನ ತುದಿಗೆ ಒಂದು ಬದಲಾವಣೆ ತಿಳಿಯುತ್ತದೆ. ಕರಕರ ಅನ್ನುತ್ತಿದ್ದುದು ನಿಂತು ತಗಡುಗಳು ಒಂದರ ಹಿಂದೊಂದು ಟಿಕಟಿಕ ಎಂದು ಎದ್ದು ಕೂರುತ್ತವೆ. ಈ ಸುಖಕ್ಕಾಗಿಯೇ ನಾನು ಬಿಗಿಯಿಲ್ಲದ ಚಾವಿಗೂ ಪೆನ್ಸಿಲ್ ತಿಕ್ಕುವುದುಂಟು. ಪುಡಿ ಮಾಡಿ ಸುರಿಯಬಾರದು. ಗ್ರಾಫೈಟಿನಲ್ಲಿ ಕರೆಂಟು ಹರಿಯುತ್ತದೆ, ಕೀಲಿಯ ಹಿಂದೆಯೇ ಸ್ವಿಚ್ಚಿದೆ. ಅಳಿಯನ ಎಣ್ಣೆಯ ಮೇಲೆ ಪೆನ್ಸಿಲ್ ಹಚ್ಚಿದರೂ ಕೆಸರೇ. ಬ್ಯಾಟರಿ ವೈರು ಕಳಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಚಾವಿ ಹಾಕಿ ತೆಗೆದು ಒರೆಸುತ್ತ ಅದನ್ನು ತೊಳೆಯಲು ನನಗೆ ಎರಡು ದಿನ ಹಿಡಿಯಿತು.

ಎಣ್ಣೆಯವರನ್ನಾದರೂ ಕ್ಷಮಿಸಬಹುದು. ಇಕ್ಕಳದವರನ್ನು ಕ್ಷಮಿಸಲಾರೆ. ಒಂದು ವರ್ಷ ಕೊಟ್ಟೂರೇಶ್ವರನ ತೇರಿಗೆ ಹೋಗಿ ಹೊಲದಲ್ಲಿ ಗಾಡಿ ನಿಲ್ಲಿಸಿದ್ದೆ. ಮುಂದಿನ ಗಾಲಿ ಬದುವಿಗೆ ಒತ್ತಿ ನಿಂತಿತ್ತು. ತೇರು ಮುಗಿಸಿ ಬಂದರೆ ಚಾವಿ ತಿರುಗದು. ಕೀಲಿಗೆ ಏನೂ ಆಗಿರಲಿಲ್ಲ. ಚಾವಿ ತೆಗೆದ ಮೇಲೆ ಸ್ಟೀರಿಂಗನ್ನು ಹಿಡಿದಿಡುವ ಅಗುಳಿಯ ಮೇಲೆ ಗಾಲಿಯ ಭಾರವೆಲ್ಲ ಬಿದ್ದಿತ್ತು, ಅಷ್ಟೆ. ಪಕ್ಕದ ಗಾಡಿಯವನೊಬ್ಬ, "ಸರೀರಿ ಅಣ್ಣಾರ, ನಾ ತಿರುವ್ತೀನಿ" ಎಂದು ಇಕ್ಕಳ ಹಿಡಿದು ಬಂದ. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಚಾವಿಯ ಅರ್ಧ ಅವನ ಇಕ್ಕಳದಲ್ಲಿತ್ತು, ಇನ್ನರ್ಧ ಕೀಲಿಯಲ್ಲಿ. ತಿರುಗಬೇಕಾದ ವಸ್ತು ತಿರುಗದಿದ್ದರೆ ಬಲ ಹಾಕುವುದೇ ಉಪಾಯ ಎಂದು ಇವರಿಗೆ ಯಾರು ಕಲಿಸಿದರು? ಒಂದು ಕೈಯಲ್ಲಿ ಸ್ಟೀರಿಂಗನ್ನು ಅತ್ತಿತ್ತ ಅಲುಗಿಸಿ, ಅದು ಯಾವ ಕಡೆ ಒಂದು ಎಳ್ಳಿನಷ್ಟು ಬಿಟ್ಟುಕೊಡುತ್ತದೋ ಆ ಕಡೆ ಒತ್ತಿ ಹಿಡಿದರೆ ಸಾಕು, ಎರಡು ಬೆರಳಿಗೇ ಚಾವಿ ತಿರುಗುತ್ತದೆ. ಅಂದು ರಾತ್ರಿ ಊರಿಗೆ ಬಂದದ್ದು ಬಸ್ಸಿನಲ್ಲಿ.

ಮುರಿದದ್ದು ಮೊದಲಿನ ಚಾವಿ. ಆ ದುಃಖ ಬೇರೆ. ಸವೆದ ಚಾವಿಯನ್ನು ನೋಡಿ ಡುಪ್ಲಿಕೇಟ್ ಕೊಯ್ಯಿಸಿದರೆ ಸವಕಲೂ ನಕಲಾಗಿ ಬರುತ್ತದೆ. ಹೊಸ ಚಾವಿ ಹುಟ್ಟುವಾಗಲೇ ಮುದುಕ. ಅದಕ್ಕೇ ಗಾಡಿಯ ಜೊತೆ ಬಂದ ಎರಡು ಚಾವಿಗಳಲ್ಲಿ ಒಂದನ್ನು ಬಳಸದೆ ಪೆಟ್ಟಿಗೆಯಲ್ಲಿಟ್ಟು, ನಕಲನ್ನು ಅದರಿಂದಲೇ ತೆಗೆಸಬೇಕು. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರ ತಯಾರಿಕೆ 2014ರ ಜನವರಿಗೆ ನಿಂತಿತು. ಉಳಿದವಕ್ಕೆಲ್ಲ ವಯಸ್ಸಾಗಿದೆ. ಆದರೂ ಮನೆ, ಗೋದಾಮು, ಟ್ರ್ಯಾಕ್ಟರಿನ ಚಾವಿಗಳ ಗೊಂಚಲನ್ನೇ ಕೀಲಿಗೆ ಜೋತುಬಿಟ್ಟು ಹರಪನಹಳ್ಳಿಯಿಂದ ಹಡಗಲಿಯವರೆಗೆ ಕುಲುಕಿಕೊಂಡು ಹೋಗುವವರಿದ್ದಾರೆ. ಆ ಭಾರವೆಲ್ಲ ತೂಗಾಡುವುದು ಆ ಹಿತ್ತಾಳೆ ತಗಡುಗಳ ಮೇಲೆ.

ಸ್ಟೀರಿಂಗ್ ಒತ್ತುವ ಉಪಾಯ ನನಗೆ ಗ್ಯಾರೇಜಿನಲ್ಲಿ ಸಿಕ್ಕಿದ್ದಲ್ಲ. ಹರಪನಹಳ್ಳಿಯ ನಮ್ಮ ಹಳೆಯ ಮನೆಗೆ ಬೇವಿನ ಬಾಗಿಲು. ಮಳೆಗಾಲಕ್ಕೆ ಹಲಗೆ ಉಬ್ಬಿ ಒಳಗೀಲಿ ಹಿಡಿದುಕೊಳ್ಳುತ್ತಿತ್ತು. ನಾನು ಚಿಕ್ಕವನು, ಎರಡೂ ಕೈಯಲ್ಲಿ ಚಾವಿ ತಿರುವಿ ಸೋಲುತ್ತಿದ್ದೆ. ಅವ್ವ ಕೊಡ ಇಳಿಸದೆಯೇ ಬಂದು, "ಕೀಲಿಗೆ ಏನಾಗೇತಿ? ಬಾಗಲಾ ಎತ್ತೋ ತಮ್ಮಾ" ಅನ್ನುತ್ತಿದ್ದಳು. ಮೊಣಕಾಲನ್ನು ಹಲಗೆಗೆ ಕೊಟ್ಟು ಒಂದಿಷ್ಟು ಮೇಲಕ್ಕೆ ಒತ್ತಿದರೆ ಚಾವಿ ಸದ್ದಿಲ್ಲದೆ ತಿರುಗುತ್ತಿತ್ತು. ಅವಳ ಮೊಣಕಾಲು ತಾಗುತ್ತಿದ್ದ ಜಾಗ ಆ ಬಾಗಿಲಿನಲ್ಲಿ ಇವತ್ತಿಗೂ ನುಣುಪಾಗಿದೆ.