ಮೆಟ್ಟಿಲಿಲ್ಲದ ಅಟ್ಟ

"ಇದು ಫ್ರೆಟ್‌ಲೆಸ್ಸು ಸಾರ್, ಎರಡು ಸಾವಿರ ಜಾಸ್ತಿ ಆಗತ್ತೆ" ಅಂದ ಅಂಗಡಿಯ ಹುಡುಗ.

ಪಕ್ಕದ ಕೊಕ್ಕೆಯಲ್ಲಿ ಅದೇ ಕಂಪನಿಯ, ಅದೇ ಬಣ್ಣದ ಇನ್ನೊಂದು ಬೇಸ್ ಗಿಟಾರು ನೇತಾಡುತ್ತಿತ್ತು. ಅದಕ್ಕೆ ಇಪ್ಪತ್ತು ಫ್ರೆಟ್ಟು, ಇದಕ್ಕೆ ಸೊನ್ನೆ. ಇಪ್ಪತ್ತು ಲೋಹದ ಕಡ್ಡಿ, ಅವನ್ನು ಬಡಿದು ಕೂರಿಸುವ ಕೂಲಿ, ಅರ ಹಾಕಿ ಮಟ್ಟ ಮಾಡುವ ಕೂಲಿ, ಎಲ್ಲ ಉಳಿದದ್ದಕ್ಕೆ ನಾನು ಎರಡು ಸಾವಿರ ದಂಡ ತೆರಬೇಕು. ಪಲ್ಯ ಇಲ್ಲದ ಮಸಾಲೆದೋಸೆಗೆ ಹತ್ತು ರೂಪಾಯಿ ಜಾಸ್ತಿ ಅಂದ ಹಾಗಾಯಿತು. ಯಾಕಪ್ಪಾ ಅಂದೆ. "ಇದನ್ನ ಯಾರೂ ತಗೊಳ್ಳಲ್ಲ ಸಾರ್, ಅದಕ್ಕೆ" ಅಂದ. ಯಾರೂ ಕೊಳ್ಳದ ವಸ್ತುವಿನ ಬೆಲೆ ಏರುವ ಈ ಅರ್ಥಶಾಸ್ತ್ರ ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ಸವೆಸಿದ ನನಗೂ ಹೊಸದು.

ಬಂದದ್ದು ನನಗಾಗಿ ಅಲ್ಲ, ತಂಗಿಯ ಮಗನಿಗಾಗಿ. ಅವನು ಮೂವತ್ತು ಸಾವಿರ ಕೂಡಿಟ್ಟಿದ್ದಾನೆ. ಅಷ್ಟರಲ್ಲಿ ಫ್ರೆಟ್‌ಲೆಸ್ ಬೇಸೂ ಬರಬೇಕು, ಆಂಪೂ ಬರಬೇಕು, ಸಾಧ್ಯವಾದರೆ ಚೀಲವೂ ಬರಬೇಕು. ತಿಂಗಳಿಂದ ನನ್ನ ತಲೆ ತಿನ್ನುತ್ತಿದ್ದಾನೆ. ನಾನು ಸಂತೋಷವಾಗಿ ತಿನ್ನಿಸಿಕೊಳ್ಳುತ್ತಿದ್ದೇನೆ. ಈ ಮನೆಯಲ್ಲಿ ನನ್ನ ವಾದ್ಯದ ಬಗ್ಗೆ ಕೇಳುವವರು ಇನ್ನಾರಿದ್ದಾರೆ? ಹೆಂಡತಿ ಅದನ್ನು 'ಬೇಸರದ ಗಿಟಾರು' ಅನ್ನುವುದು ಬಿಟ್ಟು ಬೇರೆ ಹೆಸರಲ್ಲಿ ಕರೆದೇ ಇಲ್ಲ.

1951ರಲ್ಲಿ ಲಿಯೋ ಫೆಂಡರ್ ತನ್ನ ಎಲೆಕ್ಟ್ರಿಕ್ ಬೇಸ್‌ಗೆ ಪ್ರಿಸಿಷನ್ ಅಂತ ಹೆಸರಿಟ್ಟ. ಡಬಲ್ ಬೇಸಿನ ನುಣುಪು ಹಲಗೆಯ ಮೇಲೆ ಸ್ವರಕ್ಕಾಗಿ ತಡಕಾಡುವ ಕಷ್ಟ ಇನ್ನಿಲ್ಲ, ಫ್ರೆಟ್ಟಿದೆ, ಒತ್ತಿದರೆ ಸ್ವರ ಕರಾರುವಾಕ್ಕು ಅಂತ ಅದರ ಇಂಗಿತ. ಹತ್ತೊಂಬತ್ತು ವರ್ಷ ಕಳೆದು 1970ರಲ್ಲಿ ಅದೇ ಕಂಪನಿ ಅದೇ ಪ್ರಿಸಿಷನ್ನನ್ನು ಫ್ರೆಟ್ಟಿಲ್ಲದೆ ಮಾರಿತು. ಹೆಸರು ಮಾತ್ರ ಬದಲಿಸಲಿಲ್ಲ. ನಮ್ಮ ಕಷ್ಟಗಳೆಲ್ಲ ಶುರುವಾಗುವುದು ಅಲ್ಲಿಂದ.

ಹುಡುಗನ ಕಷ್ಟ ಬೇರೆ. "ಮಾವ, ಗೆರೆ ಇರೋದು ತಗೊಂಡ್ರೆ ನಗ್ತಾರಂತೆ" ಅಂದ ಫೋನಿನಲ್ಲಿ. ಯಾರು ನಗೋದು? ಅವನ ಕಾಲೇಜಿನ ಬ್ಯಾಂಡಿನ ಹಿರಿಯನೊಬ್ಬನಂತೆ. ಗೆರೆ ಅಂದರೆ ಫ್ರೆಟ್ಟು ಇರಬೇಕಾದ ಜಾಗದಲ್ಲಿ ಹಲಗೆಯ ಮೇಲಿರುವ ಬರೀ ಗುರುತು. ಗೆರೆಯಿರುವ ಫ್ರೆಟ್‌ಲೆಸ್ ಅಂದರೆ ಪಕ್ಕದಲ್ಲಿ ಎರಡು ಪುಟ್ಟ ಚಕ್ರ ಕಟ್ಟಿದ ಮಕ್ಕಳ ಸೈಕಲ್ಲಂತೆ. ನಿಜವಾದ ಬೇಸಿಗನಿಗೆ ಹಲಗೆ ಬೋಳಾಗಿರಬೇಕಂತೆ.

ಈ ಮಾತು ಕೇಳಿದಾಗಲೆಲ್ಲ ನನ್ನ ಬಿಪಿ ಏರುತ್ತದೆ. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ, ಇಪ್ಪತ್ತು ವರ್ಷದಿಂದ ಏರುತ್ತಿದೆ. ಈ ಬೋಳುಹಲಗೆಯ ಮಡಿವಂತರು ದೇವರ ಪಟದ ಜಾಗದಲ್ಲಿ ಇಟ್ಟುಕೊಂಡಿರುವುದು ಜಾಕೋ ಪಾಸ್ಟೋರಿಯಸ್‌ನನ್ನು. 1976ರ ಅವನ ಮೊದಲ ಆಲ್ಬಮ್ ಬಂದಮೇಲೆ ಫ್ರೆಟ್‌ಲೆಸ್ ಅಂದರೆ ಅವನು, ಅವನು ಅಂದರೆ ಫ್ರೆಟ್‌ಲೆಸ್. ಸರಿ, ಆ ದೇವರ ವಾದ್ಯ ಯಾವುದು? 1962ರ ಫೆಂಡರ್ ಜಾಝ್ ಬೇಸ್. ಫ್ರೆಟ್ಟು ಕಿತ್ತದ್ದು. ಬೆಣ್ಣೆ ಸವರುವ ಚಾಕುವಿನಿಂದ ಕಿತ್ತ ಅಂತ ಕತೆ. ಕಿತ್ತ ಸೀಳುಗಳಿಗೆ ಮರದ ಲಪ್ಪ ಮೆತ್ತಿ, ಮೇಲೆ ದೋಣಿಗೆ ಬಳಿಯುವ ಇಪಾಕ್ಸಿ ಬಳಿದ. ಅವನ ಯಾವ ಫೋಟೋ ಬೇಕಾದರೂ ತೆಗೆದು ನೋಡಿ, ಹಲಗೆಯ ಮೇಲೆ ಗೆರೆಗಳು ಸಾಲಾಗಿ ಎದ್ದು ಕಾಣುತ್ತವೆ. ದೇವರೇ ಮಕ್ಕಳ ಸೈಕಲ್ ಹೊಡೆದಿದ್ದಾನೆ ಅಂದಮೇಲೆ ಭಕ್ತರದ್ದೇನು ಗಲಾಟೆ?

ಇನ್ನು "ಪಿಟೀಲಿಗೆ ಗೆರೆ ಇದೆಯಾ?" ಅಂತ ಕೇಳುವ ಪಂಗಡವೊಂದಿದೆ. ಇಲ್ಲ. ಪಿಟೀಲಿನ ಹಲಗೆ ಒಂದು ಗೇಣಿನ ಆಸುಪಾಸು, ಕೈಯೆಲ್ಲ ಅದರೊಳಗೇ. ಬೇಸಿನ ತಂತಿ ನಟ್ಟಿನಿಂದ ಬ್ರಿಡ್ಜಿಗೆ 34 ಇಂಚು, ಹತ್ತಿರ ಹತ್ತಿರ ಮೂರಡಿ. ಮೊದಲ ಅರ್ಧಸ್ವರಕ್ಕೆ ಹೋಗಲು ಸುಮಾರು ನಾಲ್ಕೂ ಮುಕ್ಕಾಲು ಸೆಂಟಿಮೀಟರ್ ದಾಟಬೇಕು. ಹನ್ನೆರಡನೆಯ ಗೆರೆಯ ಹತ್ತಿರ ಬಂದರೆ ಅದರ ಅರ್ಧ ಸಾಕು. ಮೆಟ್ಟಿಲಿಲ್ಲದ ಅಟ್ಟಕ್ಕೆ ಕತ್ತಲಲ್ಲಿ ಹತ್ತಿದ ಹಾಗೆ, ಅದೂ ಒಂದೊಂದು ಹೆಜ್ಜೆಗೂ ಎತ್ತರ ಬೇರೆ. ವೀಣೆಯ ಮಾತೂ ಬರಲಿ. ಮೈಸೂರು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯಲ್ಲಿ ಮೇಣದ ಮೇಲೆ 24 ಮೆಟ್ಟಿಲು ನಿಂತಿದ್ದವು. ಗೆರೆಯಲ್ಲ ಸ್ವಾಮಿ, ಹಿತ್ತಾಳೆಯ ಮೆಟ್ಟಿಲು. ಅವರ ಮುಂದೆ ಹೋಗಿ ಮಕ್ಕಳ ಸೈಕಲ್ಲು ಅನ್ನುವ ಧೈರ್ಯ ಯಾರಿಗಿತ್ತು?

ಹಾಗಂತ ಗೆರೆಯನ್ನು ನಂಬಬೇಕು ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನ ವಿಳಾಸ ಹುಡುಕಿದವರಿಗೆ ಇದು ಗೊತ್ತು. ನಾಲ್ಕನೇ ಮೇನು, ಏಳನೇ ಕ್ರಾಸು ಅಂತ ಬೋರ್ಡು ಸಿಕ್ಕಿದರೆ ಮನೆ ಸಿಕ್ಕಿದ ಹಾಗಲ್ಲ. ಆದರೆ ಬೋರ್ಡೇ ಕಿತ್ತುಹಾಕಿ, ಮನೆ ಗೊತ್ತಿದ್ದವರು ಮಾತ್ರ ಬನ್ನಿ ಅನ್ನುವುದು ಯಾವ ಸೀಮೆಯ ಆತಿಥ್ಯ?

ನಿಜವಾದ ಮೋಸ ಇರುವುದು ಗೆರೆಯಲ್ಲಲ್ಲ, ಚುಕ್ಕೆಯಲ್ಲಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೆಕ್ಕಿನ ಮೇಲಂಚಿನಲ್ಲಿ, ನುಡಿಸುವವನ ಕಣ್ಣಿಗೆ ಮಾತ್ರ ಕಾಣುವಂತೆ, ಸಣ್ಣ ಬಿಳಿ ಚುಕ್ಕೆಗಳಿರುತ್ತವೆ. ಫ್ರೆಟ್ಟಿರುವ ಗಿಟಾರಿನಲ್ಲಿ ಚುಕ್ಕೆ ಎರಡು ಫ್ರೆಟ್ಟುಗಳ ನಡುವೆ. ಬೋಳುಹಲಗೆಯ ಬೇಸ್ ಮಾಡುವವರು ಕೆಲವರು ಚುಕ್ಕೆಯನ್ನು ಸ್ವರ ಹುಟ್ಟುವ ಜಾಗಕ್ಕೇ, ಅಂದರೆ ಗೆರೆಯಿದ್ದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿಗೆ, ಜರುಗಿಸುತ್ತಾರೆ. ಕೆಲವರು ಹಳೆಯ ಚಾಳಿಯಂತೆ ನಡುವೆಯೇ ಬಿಡುತ್ತಾರೆ. ನೋಡಿದರೆ ಎರಡೂ ಒಂದೇ. ಒಮ್ಮೆ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ನನ್ನ ಬೇಸಿನ ಜಾಕು ಕೈಕೊಟ್ಟಿತು, ಗೆಳೆಯನ ಬೋಳುಹಲಗೆ ಎರವಲು ತೆಗೆದುಕೊಂಡು ವೇದಿಕೆ ಹತ್ತಿದೆ. ಚುಕ್ಕೆಯ ಮೇಲೆ ಸರಿಯಾಗಿ ಬೆರಳಿಟ್ಟೆ. ಅದು ನಡುವಿನ ಚುಕ್ಕೆ. ಪಲ್ಲವಿ ಪೂರ್ತಿ ಎಲ್ಲರಿಗಿಂತ ಕಾಲು ಸ್ವರ ಕೆಳಗೆ ನುಡಿಸಿದೆ. ಅರ್ಧ ಸ್ವರ ತಪ್ಪಿದ್ದರೆ ಬೇರೆ ರಾಗ ಅಂತಲಾದರೂ ಅನ್ನಬಹುದಿತ್ತು. ಹಾಡುತ್ತಿದ್ದ ಹುಡುಗಿ ತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ. ಕೆಳಗೆ ಕೂತಿದ್ದ ಅಜ್ಜಿಯೊಬ್ಬರು ಮಾತ್ರ ಕೊನೆಗೆ ಹತ್ತಿರ ಬಂದು, "ಆ ಗುಂಯ್‌ಗುಡೋದು ಚೆನ್ನಾಗಿತ್ತಪ್ಪ" ಅಂದರು.

ಹಾಗಾಗಿ ಹುಡುಗನಿಗೆ ಹೇಳಿದೆ: ಹೊಸದರ ಆಸೆ ಬಿಡು, ಫ್ರೆಟ್ಟಿರುವ ಒಳ್ಳೆಯ ನೆಕ್ಕಿನ ಸೆಕೆಂಡ್ ಹ್ಯಾಂಡ್ ಬೇಸ್ ತಾ, ಕೀಳೋಣ. ನನ್ನದೂ ಹಾಗೇ ಆದದ್ದು. ಕೀಳುವುದು ಅನ್ನುವ ಮಾತೇ ತಪ್ಪು, ಬಿಡಿಸಬೇಕು. ಸೋಲ್ಡರಿಂಗ್ ಐರನ್ನಿನಿಂದ ಫ್ರೆಟ್ಟನ್ನು ಬಿಸಿ ಮಾಡಿ, ಕಟಿಂಗ್ ಪ್ಲೇಯರಿನ ಬಾಯನ್ನು ಅದರ ಅಡಿಗೆ ಸೇರಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನೂಕುತ್ತ ಹೋಗಬೇಕು. ಮೇಲಕ್ಕೆ ಎಳೆದಿರೋ, ಬೀಟೆಯ ಚಕ್ಕೆ ಎದ್ದು ಬರುತ್ತದೆ. ನನ್ನ ಏಳನೆಯ ಫ್ರೆಟ್ಟಿನಲ್ಲಿ ಹಾಗೆ ಎದ್ದ ಚಕ್ಕೆಯನ್ನು ಹುಡುಕಲು ಮನೆಮಂದಿಯೆಲ್ಲ ನೆಲ ಗುಡಿಸಿದ್ದೇವೆ. ಸಿಕ್ಕಿತು, ಫೆವಿಕ್ವಿಕ್ ಹಾಕಿ ಕೂರಿಸಿದೆ. ಸೀಳುಗಳನ್ನು ಖಾಲಿ ಬಿಟ್ಟರೆ ನೆಕ್ಕು ಬಲ ಕಳೆದುಕೊಂಡು ತಂತಿಯ ಎಳೆತಕ್ಕೆ ಮುಂದಕ್ಕೆ ಬಾಗುತ್ತದೆ. ನಮ್ಮ ಬೀದಿಯ ಬಡಗಿ ಬಿಳಿ ವಿನಿಯರಿನ ತುಂಡು ಕೊಟ್ಟಿದ್ದ. ಅದನ್ನು ಬ್ಲೇಡಿನಲ್ಲಿ ಪಟ್ಟಿ ಕೊಯ್ದು ಒಂದೊಂದಾಗಿ ತೂರಿಸಿ, ಅಂಟಿಸಿ, ಉಪ್ಪುಕಾಗದದಲ್ಲಿ ಉಜ್ಜಿದೆ. ಎರಡು ಭಾನುವಾರ ಹಿಡಿಯಿತು. ಖರ್ಚು, ಬಡಗಿಗೆ ಎರಡು ಕಾಫಿ.

ಹೌದು, ಬೀಟೆ. ನಮ್ಮ ಪಶ್ಚಿಮಘಟ್ಟದ ಬೀಟೆ ಎಲ್ಲೆಲ್ಲಿಯದೋ ಗಿಟಾರುಗಳ ಫಿಂಗರ್‌ಬೋರ್ಡಾಗಿ ಸಮುದ್ರ ದಾಟುತ್ತದೆ. ಮೈಸೂರಿನ ಕುಶಲಕರ್ಮಿಗಳು ಅದೇ ಬೀಟೆಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಆನೆ, ನವಿಲು ಬಿಡಿಸುತ್ತಾರೆ. ನಾನು ಕೂರಿಸಿದ್ದು ಬರೀ ಇಪ್ಪತ್ತು ಗೆರೆ. ಆದರೂ ಅದನ್ನು ಕುಸುರಿ ಅಂತಲೇ ಕರೆದುಕೊಳ್ಳುತ್ತೇನೆ. ಇಂಥ ಹಲಗೆಗೆ ಮಾಮೂಲಿ ರೌಂಡ್‌ವೌಂಡ್ ತಂತಿ ಹಾಕಿದರೆ ಅದು ಅರದ ಹಾಗೆ ಉಜ್ಜುತ್ತದೆ. ಸೆಕೆಂಡ್ ಹ್ಯಾಂಡ್ ಫ್ರೆಟ್‌ಲೆಸ್ ನೋಡಲು ಹೋದರೆ ತಂತಿಯ ಕೆಳಗೆ ಉಗುರು ಆಡಿಸಿ, ತೋಡು ಬಿದ್ದಿದ್ದರೆ ಉಗುರು ಸಿಕ್ಕಿಕೊಳ್ಳುತ್ತದೆ. ಜಾಕೋ ಇಪಾಕ್ಸಿ ಬಳಿದದ್ದು ಷೋಕಿಗಲ್ಲ. ನಮ್ಮಂಥವರಿಗೆ ನುಣುಪಾದ ಫ್ಲಾಟ್‌ವೌಂಡ್ ತಂತಿ ಸಾಕು. ದುಬಾರಿ, ಆದರೆ ವರ್ಷಗಟ್ಟಲೆ ಬಾಳುತ್ತದೆ.

ಉಳಿದ ದುಡ್ಡೆಲ್ಲ ಆಂಪಿಗೆ. ಇಲ್ಲೂ ಜಗಳವೇ. ಎಲ್ಲರೂ ಕೇಳುವುದು ಎಷ್ಟು ವಾಟ್ ಅಂತ. ವಾಟ್ ದುಪ್ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ 'ಸ್ವಲ್ಪ ಜೋರಾಯ್ತೇನೋ' ಅನ್ನಿಸುವಷ್ಟು. ಡ್ರಮ್ಮಿನವನ ಪಕ್ಕ ಹದಿನೈದು ವಾಟಿನ ಆಂಪ್ ಇಟ್ಟುಕೊಳ್ಳುವುದು ವಾಲಗದವರ ಮುಂದೆ ನಿಂತು ಗುಟ್ಟು ಹೇಳಿದ ಹಾಗೆ, ಅದು ಮೂವತ್ತಾದರೂ ಗುಟ್ಟೇ. ಈ ಸಮಸ್ಯೆಯನ್ನು ವಿದ್ಯುತ್ತಿಲ್ಲದೆ ಬಿಡಿಸಿಕೊಂಡವರು ನಮ್ಮ ಪಿಟೀಲು ಚೌಡಯ್ಯನವರು. ಮೈಕಿಲ್ಲದ ಕಛೇರಿಯಲ್ಲಿ ಹಿಂದೆ ಕೂತವರಿಗೂ ಕೇಳಿಸಲಿ ಅಂತ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಕಟ್ಟಿದರು. ಅವರ ಹೆಸರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಕಟ್ಟಡವೇ ಎದ್ದಿದೆ. ವೈಯಾಲಿಕಾವಲಿನ ಕಡೆ ಹೋದಾಗಲೆಲ್ಲ ಅದರ ಹಲಗೆ ಬೋಳಾಗಿದೆಯೋ ಇಲ್ಲವೋ ಅಂತ ನೋಡುವುದು ನನಗೊಂದು ಚಟ.

ವಾಟಿಗಿಂತ ಸ್ಪೀಕರು ಮುಖ್ಯ. ಬೇಸಿನ ದಪ್ಪ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಆರೋ ಎಂಟೋ ಇಂಚಿನ ಸ್ಪೀಕರಿಗೆ ಅದನ್ನು ನೆಟ್ಟಗೆ ತಳ್ಳುವ ತಾಕತ್ತಿಲ್ಲ. ಅದು 82, 123 ಅಂತ ಮೇಲಿನ ಕಂಪನಗಳನ್ನು ಕೊಡುತ್ತದೆ, ಕೆಳಗಿನದನ್ನು ಮಿದುಳೇ ತುಂಬಿಕೊಳ್ಳುತ್ತದೆ. ಇಲ್ಲಿಯವರೆಗೆ ತೊಂದರೆಯಿಲ್ಲ. ಮಿದುಳಿನ ಉಪಕಾರ ಸಾಲದು ಅಂತ ಹುಡುಗರು ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿ, ಮಿಡ್ ಗುಂಡಿಯನ್ನು ಸೊನ್ನೆಗೆ ತರುತ್ತಾರೆ. ಆಗ ಉಳಿಯುವುದು ನಾಲ್ಕು ಬೀದಿ ಆಚೆ ಕೊಳವೆಬಾವಿ ಕೊರೆಯುವ ಲಾರಿಯ ಸದ್ದು. ಫ್ರೆಟ್‌ಲೆಸ್‌ನ ಆ ನರಳುವ, ಬಾಯಿಬಿಟ್ಟು 'ಮ್ವಾ' ಅನ್ನುವ ದನಿ ಇರುವುದೇ ಮಿಡ್‌ನಲ್ಲಿ. ಶ್ರುತಿ ತಪ್ಪಿದ್ದು ಗೊತ್ತಾಗುವುದೂ ಅಲ್ಲೇ. ಕೇಳಿಸದಿದ್ದರೆ ತಿದ್ದುವುದು ಹೇಗೆ? ಬೋಳು ಹಲಗೆಯ ಹೆಮ್ಮೆ ಕೊಚ್ಚುವ ಎಷ್ಟೋ ಜನ ಮಿಡ್ ಸೊನ್ನೆ ಮಾಡಿ ನುಡಿಸುವುದನ್ನು ಕಣ್ಣಾರೆ ನೋಡಿದ್ದೇನೆ. ಕಣ್ಣು ಮುಚ್ಚಿದ್ದಷ್ಟೇ ಅಲ್ಲ, ಕಿವಿಗೂ ಹತ್ತಿ ತುರುಕಿಕೊಂಡ ಸಾಧಕರು! ಹಳೆಯದಾದರೂ ಪರವಾಗಿಲ್ಲ, ಹತ್ತು ಇಂಚಿನ ಸ್ಪೀಕರಿನ ಆಂಪ್ ತಾ, ಹೆಡ್‌ಫೋನಿನ ತೂತು ಇರಲಿ ಅಂದೆ ಹುಡುಗನಿಗೆ. ಬೇಸ್ ಹನ್ನೆರಡು ಸಾವಿರ, ತಂತಿ ಮೂರು, ಆಂಪ್ ಹದಿನೈದು. ಆಂಪಿಗೆ ಹೆಚ್ಚಾ ಅಂತ ಬಾಯಿಬಿಟ್ಟ.

ಕಳೆದ ಭಾನುವಾರ ಅವನನ್ನು ಮನೆಗೆ ಕರೆದು ನನ್ನ ಬೇಸ್ ಕೈಗೆ ಕೊಟ್ಟೆ. ಪಕ್ಕದಲ್ಲಿ ತಂಬೂರಿಯ ದನಿ ಹೊರಡಿಸುವ ನನ್ನ ಹಳೆಯ ರಾಡೆಲ್ ಶ್ರುತಿಪೆಟ್ಟಿಗೆ. ಪಿಟೀಲು ಕಲಿಯುತ್ತಿದ್ದಾಗಿನದು. ಪಿಟೀಲು ಬಿಟ್ಟೆ, ಪೆಟ್ಟಿಗೆ ಬಿಡಲಿಲ್ಲ. ದಪ್ಪ ತಂತಿಯ ಸ್ವರಕ್ಕೆ ಷಡ್ಜ ಹೊಂದಿಸಿದೆ.

"ನಾಲ್ಕನೇ ಗೆರೆ ಮೇಲೆ ಬೆರಳಿಡು. ಅಂತರ ಗಾಂಧಾರ."

ಇಟ್ಟ, ಸರಿಯಾಗಿ ಗೆರೆಯ ನೆತ್ತಿಗೆ. ಮೀಟಿದ. ತಂಬೂರಿಯ ಜೊತೆ ಅದು ವಂವಂವಂ ಅಂತ ಅಲೆಯೆಬ್ಬಿಸಿತು.

"ಏನೋ ನಡುಗ್ತಿದೆ ಮಾವ."

"ಬೆರಳು ಹಿಂದಕ್ಕೆ ಜರುಗಿಸು. ಎತ್ತಬೇಡ, ಜರುಗಿಸು. ಇನ್ನೂ. ಇನ್ನೊಂಚೂರು."

ಅಲೆ ನಿಧಾನವಾಯಿತು. ವಂ... ವಂ... ಆಮೇಲೆ ನಿಂತಿತು. ಗಾಂಧಾರ ತಂಬೂರಿಯೊಳಗೆ ಕೂತುಬಿಟ್ಟಿತು, ಹಾಲಿಗೆ ಸಕ್ಕರೆ ಬಿದ್ದ ಹಾಗೆ. ಹುಡುಗ ಉಸಿರು ಬಿಗಿಹಿಡಿದಿದ್ದ. ಬಗ್ಗಿ ನೋಡಿದೆ. ಬೆರಳು ಗೆರೆಯಿಂದ ಐದು ಮಿಲಿಮೀಟರ್ ಹಿಂದೆ ಇತ್ತು. ಪಿಯಾನೋದ ಲೆಕ್ಕದ ಗಾಂಧಾರಕ್ಕೂ ತಂಬೂರಿ ಕೇಳುವ ಗಾಂಧಾರಕ್ಕೂ ಈ ತಂತಿಯ ಮೇಲೆ ಇರುವ ದೂರ ಅಷ್ಟೇ.

"ಹಾಗಾದ್ರೆ ಗೆರೆ ತಪ್ಪಾ?" ಅಂದ.

"ಗೆರೆ ಇಲ್ಲದಿದ್ರೆ ಎಷ್ಟು ಹಿಂದೆ ಬಂದೆ ಅಂತ ಹೇಗೆ ಗೊತ್ತಾಗ್ತಿತ್ತು?"

ಅವನು ಉತ್ತರ ಕೊಡಲಿಲ್ಲ. ಬೆರಳನ್ನು ಗೆರೆಗೆ ಒಯ್ದು, ಅಲೆ ಎಬ್ಬಿಸಿ, ಹಿಂದಕ್ಕೆ ತಂದು, ಅಲೆ ನಿಲ್ಲಿಸಿ, ಮತ್ತೆ ಒಯ್ದು. ಅರ್ಧ ಗಂಟೆ ಅದೊಂದೇ ಸ್ವರ. ಕೆಳಗಿನ ಮನೆಯವರಿಂದ ಫೋನ್ ಬಂತು, ಶೋಕೇಸಿನ ಗಾಜು ಗಿಣಿಗಿಣಿ ಅನ್ನುತ್ತಿದೆಯಂತೆ. ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಈಗ ಇಬ್ಬರಾದರಾ?"