ಯಾರ ಮಗಳು?

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾನು ಜಪಾನೀ ಭಾಷೆ ಕಲಿಯುತ್ತಿದ್ದೇನೆ. ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಜಪಾನಿಗೆ ಹೋಗಬೇಕೆಂದರೆ ಭಾಷೆಯ ಪರೀಕ್ಷೆ ಪಾಸಾಗಬೇಕು. ಕಿಟಕಿಯಾಚೆ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು, ತೊಡೆಯ ಮೇಲೆ ನೋಟ್‌ಬುಕ್ಕು.

ಮೊದಲ ವಾರದಲ್ಲೇ ಸಿಕ್ಕಿದ್ದು 'ನೊ'. ಎರಡು ನಾಮಪದಗಳ ನಡುವೆ ಕೂತು ಅವನ್ನು ಕಟ್ಟುವ ಒಂದೇ ಅಕ್ಷರ. 'ವತಾಶಿ' ಎಂದರೆ ನಾನು, 'ಹೊನ್' ಎಂದರೆ ಪುಸ್ತಕ. 'ವತಾಶಿ ನೊ ಹೊನ್' ನನ್ನ ಪುಸ್ತಕ. 'ಇಂದೊ ನೊ ಕರ್ನಾಟಕ ನೊ ಸಿಂಧನೂರು' ಎಂದರೆ ಭಾರತದ ಕರ್ನಾಟಕದ ಸಿಂಧನೂರು. ಪದಗಳ ಸಾಲು ನಮ್ಮದೇ. ನಮಗೆ ಮರದ, ಮನೆಯ, ಊರಿನ, ಅವ್ವನ ಎಂದು ಬೇರೆ ಬೇರೆ ರೂಪ ಬೇಕು. 'ನೊ' ಮಾತ್ರ ಎಲ್ಲಿ ಕೂತರೂ 'ನೊ'. ಚಿನ್ನದ ಉಂಗುರಕ್ಕೂ ಅದೇ: 'ಕಿನ್ ನೊ ಯುಬಿವಾ'. ಮುಂದಿನ ಪದ ಬಿಟ್ಟು 'ವತಾಶಿ ನೊ' ಎಂದಷ್ಟೇ ಹೇಳಿದರೆ 'ನನ್ನದು'.

ಇಷ್ಟು ಸುಲಭವೆಂದು ಬೀಗುವಷ್ಟರಲ್ಲಿ ಎಡವಿದೆ. 'ತೊಮೊದಾಚಿ ನೊ ತನಕಾ ಸಾನ್' ಎಂಬುದನ್ನು 'ಗೆಳೆಯನ ತನಕಾ' ಎಂದು ಬರೆದೆ. ಅದು 'ಗೆಳೆಯನಾದ ತನಕಾ' ಅಂತೆ. ಅಲ್ಲಿ ಯಾರೂ ಯಾರ ಸ್ವತ್ತೂ ಅಲ್ಲ. ಪಾಠದಲ್ಲಿ 'ನೊ' ಎಂದರೆ ಒಡೆತನ ಎಂದಿದ್ದರು. ನಮ್ಮ ಹಳೆಯ ವೈಯಾಕರಣರು ಇನ್ನೂ ಜಾಣರು. ಸಂಸ್ಕೃತದಲ್ಲಿ ಷಷ್ಠಿಯನ್ನು ಅವರು ಕಾರಕಗಳ ಸಾಲಿಗೆ ಸೇರಿಸದೆ, ಅದರ ಅರ್ಥ 'ಸಂಬಂಧ' ಎಂದರು.

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಆಕೆಗೆ ಬೇಕಾಗಿದ್ದು ಬೇರೆ.

"ಅಲ್ಲಿ ನಿನ್ನ ಯಾರ ಮಗಳು ಅಂತ ಕೇಳ್ತಾರೇನು?"

"ಇಲ್ಲವ್ವ. ಕಂಪನಿ ಹೆಸರಿಗೆ 'ನೊ' ಹಚ್ಚಿ, ಆಮ್ಯಾಲೆ ತಮ್ಮ ಹೆಸರು ಹೇಳ್ತಾರ. ಇಂಥಾ ಕಂಪನಿಯ ಇಂಥಾಕಿ ಅಂತ."

"ಹಂಗಾದ್ರ ನೀ ಕಂಪನಿ ಮಗಳಾದಿ."

ನಕ್ಕೆ. ಅವ್ವ ನಗಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಯಿತು.

ಮರುದಿನ ಬಸ್ಸು ಮಸ್ಕಿಯಲ್ಲಿ ನಿಂತಾಗ ಗುಡ್ಡ ಕಂಡಿತು. ಶಾಲೆಯಲ್ಲಿದ್ದಾಗ ಅಲ್ಲಿಗೆ ನಮ್ಮನ್ನು ಕರೆದೊಯ್ದಿದ್ದರು. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಕಂಡ ಬ್ರಾಹ್ಮಿ ಶಾಸನ ಅಲ್ಲಿದೆ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಂಪಿಯ, ಪಿಯದಸಿ ಎಂಬ ಬಿರುದುಗಳಷ್ಟೇ ಇದ್ದವು. ಅರಸನ ಹೆಸರು ಸಿಕ್ಕಿದ್ದು ಮಸ್ಕಿಯಲ್ಲಿ. ಅದು ಬಂದಿರುವ ರೂಪ 'ಅಸೋಕಸ'. ಕೊನೆಯ 'ಸ' ಪ್ರಾಕೃತದ ಷಷ್ಠಿ; ಜಪಾನಿಯಲ್ಲಾದರೆ 'ನೊ', ಕನ್ನಡದಲ್ಲಿ 'ಅಶೋಕನ'. ಅದರ ಮುಂದಿನ ಕೆಲವು ಅಕ್ಷರಗಳು ಅಳಿಸಿಹೋಗಿವೆ. ಅಶೋಕನ ಏನು? ಕಲ್ಲು ಹೇಳುವುದಿಲ್ಲ. ರಾಜ್ಯ ಹೋಗಿ ಎರಡು ಸಾವಿರ ವರ್ಷದ ಮೇಲಾಯಿತು. ಒಡೆಯನೂ ಇಲ್ಲ, ಒಡೆತನವೂ ಇಲ್ಲ. ಆ 'ಸ' ಮಾತ್ರ ಇನ್ನೂ ಯಾವುದಕ್ಕೋ ಕೈಚಾಚಿ ನಿಂತಿದೆ.

ನೋಟ್‌ಬುಕ್ಕಿನಲ್ಲಿ 'ಹಹಾ ನೊ ಮುಸುಮೆ' ಎಂದು ಬರೆದೆ: ಅವ್ವನ ಮಗಳು. ಅವ್ವ ನನ್ನ ಒಡತಿಯಲ್ಲ, ನಾನು ಆಕೆಯ ಸ್ವತ್ತಲ್ಲ. ಆದರೂ ನಡುವಿನ ಆ ಅಕ್ಷರ ತೆಗೆದರೆ ಎರಡು ಪದಗಳು ಬಿಡಿಬಿಡಿಯಾಗಿ ಉಳಿಯುತ್ತವೆ. ಅವ್ವ ಹೆದರಿದ್ದು ಅದಕ್ಕೇ ಇರಬೇಕು.

ಮಸ್ಕಿಯಲ್ಲಿ ಹತ್ತಿದ ಹಿರಿಯಾಕೆ ಪಕ್ಕದಲ್ಲಿ ಕೂತು, ನಮ್ಮ ಕಡೆಯವರು ಕೇಳುವುದನ್ನೇ ಕೇಳಿದಳು. "ಯಾವೂರವ್ವ? ಯಾರ ಮಗಳು ನೀ?"

ಈ ಪ್ರಶ್ನೆಗೆ ಸಿಡುಕುತ್ತಿದ್ದವಳು ನಾನು. ಹೇಳಬೇಕಾದಾಗ ಅಪ್ಪನ ಹೆಸರು ಹೇಳಿ ಮುಗಿಸುತ್ತಿದ್ದೆ. ಅಂದು ಊರು ಹೇಳಿ, ಅವ್ವನ ಹೆಸರು ಹೇಳಿದೆ. ಆಕೆ ಒಂದು ಗಳಿಗೆ ಅಪ್ಪನ ಹೆಸರಿಗಾಗಿ ಕಾದಳು. ಬರಲಿಲ್ಲ. "ಆಗಲಿ ತಗೋ" ಎಂದು ನಕ್ಕು, ಗಂಟು ಸರಿಸಿ, ನನ್ನ ನೋಟ್‌ಬುಕ್ಕಿಗೆ ಜಾಗ ಮಾಡಿಕೊಟ್ಟಳು.